ಹೆಸರು ಅದೇ, ಕಾರು ಬೇರೆ

"ತಾತ, ನಾಳೆ ಕಾರನ್ನ ಸ್ಕೂಲ್ ಗೇಟ್ ಹತ್ರ ತರಬೇಡಿ. ಬೇಕರಿ ಮುಂದೇನೇ ನಿಲ್ಸಿ, ನಾನು ನಡ್ಕೊಂಡು ಹೋಗ್ತೀನಿ."

ಐದನೇ ತರಗತಿಯ ಮೊಮ್ಮಗ ಹೀಗೆಂದಾಗ ಮನಸ್ಸಿಗೆ ಪಿಚ್ಚೆನಿಸಿತು. ನಮ್ಮದು 2016ರಲ್ಲಿ ಕೊಂಡ ಸ್ವಿಫ್ಟ್. ಚೆನ್ನಾಗಿಯೇ ಓಡುತ್ತದೆ. ಅವನ ಗೆಳೆಯನ ಮನೆಯಲ್ಲಿರುವುದೂ ಸ್ವಿಫ್ಟೇ, ಆದರೆ 2024ರ ಮಾದರಿ. "ನಿಮ್ದು ಓಲ್ಡ್ ಮಾಡೆಲ್" ಎಂದನಂತೆ ಆ ಹುಡುಗ.

ಬ್ಯಾಂಕಿನಲ್ಲಿ ಲೆಡ್ಜರ್ ಬರೆದೇ ತಲೆ ಹಣ್ಣಾದವನು ನಾನು. ಸಮಾಧಾನದ ಮಾತಿಗಿಂತ ಲೆಕ್ಕವೇ ವಾಸಿ ಎಂದು ಹಳೆಯ ಡೈರಿ ತೆಗೆದು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡೆ.

ನಮ್ಮ ದೇಶಕ್ಕೆ ಸ್ವಿಫ್ಟ್ ಬಂದದ್ದು 2005ರಲ್ಲಿ. ಪೂರ್ತಿ ಹೊಸದಾದದ್ದು 2011, 2018, 2024ರಲ್ಲಿ. "ಕಳೆದು ನೋಡು ಮರಿ" ಎಂದೆ. "ಆರು, ಏಳು, ಆರು" ಎಂದ. ಹೋಂಡಾ ಸಿಟಿ 1998, 2003, 2008, 2014, 2020. "ಐದು, ಐದು, ಆರು, ಆರು." ಜಪಾನಿನಲ್ಲಿ ಒಂದು ಕಾಲಕ್ಕೆ ಇನ್ನೂ ಅವಸರ. ಹೋಂಡಾ ಸಿವಿಕ್ 1979, 1983, 1987, 1991, 1995 ಎಂದು ಒಲಿಂಪಿಕ್ಸ್ ಹಾಗೆ ನಾಲ್ಕು ವರ್ಷಕ್ಕೊಮ್ಮೆ ಹೊಸದಾಗುತ್ತಿತ್ತು. ಜರ್ಮನಿಯವರು ನಿಧಾನಸ್ಥರು. 1974ರ ಫೋಕ್ಸ್‌ವ್ಯಾಗನ್ ಗಾಲ್ಫ್ ಬದಲಾಗಲು 1983 ಬರಬೇಕಾಯಿತು.

ನಡುನಡುವೆ 'ಫೇಸ್‌ಲಿಫ್ಟ್' ಅಂತ ಬರುತ್ತದಲ್ಲ, ಅದು ಬೇರೆ. ಹಬ್ಬಕ್ಕೆ ಮನೆಗೆ ಸುಣ್ಣ ಬಳಿದ ಹಾಗೆ. ಬಂಪರ್, ಗ್ರಿಲ್, ದೀಪ ಬದಲಾಗುತ್ತವೆ. ಬಾಗಿಲು, ಚಾವಣಿ ಸಾಮಾನ್ಯವಾಗಿ ಹಾಗೇ ಉಳಿಯುತ್ತವೆ. ಏಕೆಂದರೆ ತಗಡನ್ನು ಒತ್ತಿ ಬಾಗಿಲಿನ ಆಕಾರ ಕೊಡುವ ಉಕ್ಕಿನ ಅಚ್ಚುಗಳು ಬಲು ದುಬಾರಿ. ಆ ಖರ್ಚು ಲಕ್ಷಾಂತರ ಕಾರುಗಳ ಮೇಲೆ ಹಂಚಿಹೋಗಬೇಕು. ನಾನು ಬಿಕಾಂನಲ್ಲಿ ಓದಿದ ಸವಕಳಿ ಲೆಕ್ಕವೇ ಇದು! ಹಾಗಾಗಿ ಕಾರು ನಿಜಕ್ಕೂ ಹೊಸದೋ, ಬರೀ ಮುಖ ತೊಳೆದದ್ದೋ ತಿಳಿಯಬೇಕಾದರೆ ಬಾಗಿಲು ನೋಡಬೇಕು ಎಂದು ಹೇಳಿಕೊಟ್ಟೆ.

ಒಂದು ಹಳೆಯ ಕಥೆಯನ್ನೂ ಹೇಳಿದೆ. ಮಾರುತಿ 800 ಬಂದದ್ದು 1983ರ ಡಿಸೆಂಬರಿನಲ್ಲಿ. ಮರುವರ್ಷ ನಮ್ಮ ಶಾಖೆಯ ಮ್ಯಾನೇಜರು ಒಂದು ಕೊಂಡರು. ಗ್ರಾಹಕರನ್ನು ಕೌಂಟರಿನಲ್ಲೇ ಬಿಟ್ಟು ನಾವೆಲ್ಲ ಹೊರಗೆ ಓಡಿ, ಸುತ್ತ ನಿಂತು ನೋಡಿದ್ದೆವು. 1986ರಲ್ಲಿ ಅದೇ ಹೆಸರಿನ ಕಾರಿಗೆ ಹೊಸ ಮೈ ಬಂತು. ಆಮೇಲೆ ನಮ್ಮ ಸಾಹೇಬರು ತಮ್ಮ ಕಾರನ್ನು ಶಾಖೆಯ ಹಿಂದೆ, ಹುಣಸೆಮರದ ಕೆಳಗೆ ನಿಲ್ಲಿಸತೊಡಗಿದರು. ಕೇಳಿದರೆ, "ನೆರಳಿಗೆ ಕಣ್ರೀ" ಅನ್ನುತ್ತಿದ್ದರು. ಮೊಮ್ಮಗ ಕಿಸಕ್ಕನೆ ನಕ್ಕ. ಆ 1986ರ ಮೈ ಮಾತ್ರ ಅಲ್ಲಿ ಇಲ್ಲಿ ತಿದ್ದಿಸಿಕೊಂಡು 2014ರವರೆಗೂ ನಡೆಯಿತು. ಲೆಕ್ಕ ಹಾಕಿದ, 28 ವರ್ಷ!

ಭಾನುವಾರ ಸಂಜೆ ಗೆಳೆಯನ ಮನೆಯಿಂದ ಏದುಸಿರು ಬಿಡುತ್ತ ಓಡಿಬಂದ. "ತಾತ, ಬಾಗಿಲು ನೋಡ್ದೆ! ಎದುರುಮನೆ ಅಂಕಲ್‌ದು 2018ರ ಮಾಡೆಲ್. ಅದ್ರಲ್ಲಿ ಹಿಂದಿನ ಬಾಗಿಲಿನ ಹ್ಯಾಂಡಲ್ ಮೇಲೆ, ಕಿಟಕಿ ಪಕ್ಕ ಇದೆ. 2024ರದ್ರಲ್ಲಿ ಅದು ಮತ್ತೆ ಕೆಳಗೆ ಬಂದಿದೆ, ನಮ್ಮ ಕಾರಲ್ಲಿ ಇರೋ ಹಾಗೇ!"

"ಹೌದಾ? ಹಾಗಾದರೆ ನಾಳೆ ಕಾರು ಎಲ್ಲಿ ನಿಲ್ಲಿಸಲಿ?" ಎಂದೆ.

"ಗೇಟ್ ಹತ್ರಾನೇ ತಾತ. ಅವನಿಗೆ ನಮ್ಮ ಹ್ಯಾಂಡಲ್ ತೋರಿಸ್ಬೇಕು."