ಬೆಂಗಳೂರಿನ ಬಿಲ್ಲೆ, ಜಗತ್ತಿನ ಪರದೆ

ಅಫಜಲಪುರ ತಾಲ್ಲೂಕಿನ ಕರಜಗಿಯಲ್ಲಿ ಯಾರ ಮನೆಗೆ ಹೋದರೂ ಗೋಡೆಯ ಮೇಲೆ ವಿದ್ಯುತ್ ಕಂಪನಿ ಜೆಸ್ಕಾಂನವರ ಎಲೆಕ್ಟ್ರಾನಿಕ್ ಮೀಟರ್ ಕಾಣುತ್ತದೆ. ನೆಟ್ಟಗೆ ಎದುರಿಗೆ ನಿಂತರೆ ಯೂನಿಟ್ಟಿನ ಅಂಕಿಗಳು ಕಪ್ಪಗೆ, ಸ್ಪಷ್ಟವಾಗಿ ಓದಿಸಿಕೊಳ್ಳುತ್ತವೆ. ಮೀಟರ್ ಎತ್ತರದಲ್ಲಿದ್ದು ಕೆಳಗಿನಿಂದ ನೋಡಬೇಕಾದರೆ ಅದೇ ಅಂಕಿ ಮಸುಕಾಗುತ್ತದೆ, ಇಲ್ಲದ ಗೆರೆಗಳೂ ಮೂಡಿ ಮೂರು ಯಾವುದು, ಎಂಟು ಯಾವುದು ತಿಳಿಯದಂತಾಗುತ್ತದೆ. ರೀಡಿಂಗ್ ತೆಗೆಯಲು ಬಂದವರು ಕತ್ತು ಓರೆ ಮಾಡುವುದು ಇದಕ್ಕೇ. ಈ ಬಗೆಯ ಪರದೆಯ ಹುಟ್ಟುಗುಣವೇ ಅದು. ಇದೇ ಗುಣ ಒಂದು ಕಾಲಕ್ಕೆ ಕಂಪ್ಯೂಟರಿನ ಪರದೆಯನ್ನೂ ಕಾಡಿತ್ತು. ಅದಕ್ಕೆ ಮದ್ದು ಕೊಟ್ಟ ಪದಾರ್ಥದ ಜಾಡು ಹಿಡಿದು ಹೋದರೆ ಮೊದಲು ಜಪಾನಿನ ಕಾರ್ಖಾನೆ ಸಿಗುತ್ತದೆ. ಇನ್ನೂ ಹಿಂದಕ್ಕೆ ಹೋದರೆ ಬೆಂಗಳೂರಿನ ಸದಾಶಿವನಗರದಲ್ಲಿರುವ ರಾಮನ್ ಸಂಶೋಧನಾ ಸಂಸ್ಥೆ.

ನಮ್ಮ ಕಲಬುರಗಿ (ಆಗಿನ ಗುಲಬರ್ಗಾ) ಜಿಲ್ಲೆಗೂ ಪರದೆಗೂ ಹಳೆಯ ನಂಟಿದೆ. ರಾಜಧಾನಿ ಬೆಂಗಳೂರಿಗೆ ದೂರದರ್ಶನ ಬರುವ ಎಷ್ಟೋ ವರ್ಷ ಮೊದಲು, 1975ರ ಆಗಸ್ಟ್ 1ರಂದು, ಅಮೆರಿಕದ ಎಟಿಎಸ್-6 ಉಪಗ್ರಹದಿಂದ ನೇರವಾಗಿ ಹಳ್ಳಿಗಳಿಗೆ ಟಿವಿ ತೋರಿಸುವ 'ಸೈಟ್' ಪ್ರಯೋಗವನ್ನು ಇಸ್ರೊ ಆರಂಭಿಸಿತು. ಆರು ರಾಜ್ಯಗಳ 2,400 ಹಳ್ಳಿಗಳನ್ನು ಅದಕ್ಕೆ ಆರಿಸಿದ್ದರು. ಕರ್ನಾಟಕದ ಪಾಲಿಗೆ ಬಂದ ಜಿಲ್ಲೆಗಳು ಗುಲಬರ್ಗಾ, ರಾಯಚೂರು, ವಿಜಾಪುರ. ಕೋಳಿಗೂಡಿಗೆ ಹೊಡೆಯುವ ತಂತಿ ಜಾಲರಿಯಿಂದ ಮಾಡಿದ ಹತ್ತು ಅಡಿಯ ಆಂಟೆನಾ, ಸಾರ್ವಜನಿಕ ಜಾಗದಲ್ಲೊಂದು ಕಪ್ಪು-ಬಿಳುಪು ಸೆಟ್, ಸಂಜೆ ಅದರ ಮುಂದೆ ನೆರೆಯುವ ಊರು. ಒಂದು ವರ್ಷಕ್ಕೆ ಪ್ರಯೋಗ ಮುಗಿಯಿತು. ಆದರೆ ಗುಲಬರ್ಗಾಕ್ಕೆ 1977ರಲ್ಲಿ ನೆಲದ ಮೇಲಿನ ಪ್ರಸಾರ ಕೇಂದ್ರವೇ ಬಂತು. ಅದೇ 1977ರಲ್ಲಿ ಬೆಂಗಳೂರಿನಲ್ಲಿ ಮೂವರು ವಿಜ್ಞಾನಿಗಳು ಪ್ರಕಟಿಸಿದ ಹತ್ತು ಪುಟಗಳ ಪ್ರಬಂಧವೇ ಈ ಲೇಖನದ ವಿಷಯ.

ಆಗಿನ ಟಿವಿ ಎಂದರೆ ದಪ್ಪ ಗಾಜಿನ ಪಿಕ್ಚರ್ ಟ್ಯೂಬು. ಅದನ್ನು ಕರ್ನಾಟಕದಲ್ಲೇ, ಬೆಂಗಳೂರಿನ ಜಾಲಹಳ್ಳಿಯ ಬಿಇಎಲ್ ಕಾರ್ಖಾನೆಯಲ್ಲಿ ತಯಾರಿಸುತ್ತಿದ್ದರು. ತೆಳ್ಳಗಿನ ಪರದೆಗೆ ಬೇಕಾದದ್ದು ಬೇರೆಯೇ ಪದಾರ್ಥ: ದ್ರವ ಸ್ಫಟಿಕ. 1888ರಲ್ಲಿ ಪ್ರಾಗ್ ನಗರದ ಸಸ್ಯವಿಜ್ಞಾನಿ ಫ್ರೀಡ್ರಿಶ್ ರೈನಿಟ್ಜರ್ ಒಂದು ರಾಸಾಯನಿಕವನ್ನು ಕಾಯಿಸಿದಾಗ ಅದು 145.5 ಡಿಗ್ರಿಯಲ್ಲಿ ಕರಗಿ ಕದಡಿದ ದ್ರವವಾಯಿತು, 178.5 ಡಿಗ್ರಿಯಲ್ಲಿ ಮತ್ತೆ ತಿಳಿಯಾಯಿತು. ನಡುವಿನ ಆ ಸ್ಥಿತಿಯಲ್ಲಿ ಅದು ನೀರಿನಂತೆ ಹರಿಯುತ್ತಿತ್ತು, ಬೆಳಕಿನ ವಿಷಯದಲ್ಲಿ ಮಾತ್ರ ಹರಳಿನಂತೆ ವರ್ತಿಸುತ್ತಿತ್ತು. ಕಡ್ಡಿಯಂತೆ ಉದ್ದವಾದ ಅದರ ಅಣುಗಳು ಹರಿದಾಡುತ್ತಲೇ ಒಂದೇ ದಿಕ್ಕಿಗೆ ಮುಖ ಮಾಡಿರುತ್ತವೆ. ಸುಮಾರು ಎಂಬತ್ತು ವರ್ಷ ಇದು ಪ್ರಯೋಗಶಾಲೆಯ ಕುತೂಹಲವಾಗಿಯೇ ಉಳಿಯಿತು. 1968ರಲ್ಲಿ ಅಮೆರಿಕದ ಆರ್‌ಸಿಎ ಕಂಪನಿಯ ಜಾರ್ಜ್ ಹೈಲ್ಮೈಯರ್ ಅದರಿಂದ ಪರದೆ ಮಾಡಿ ತೋರಿಸಿದರು. ಸ್ವಿಟ್ಜರ್ಲೆಂಡಿನ ಶಾಟ್ ಮತ್ತು ಹೆಲ್‌ಫ್ರಿಶ್ 1971ರಲ್ಲಿ ಪ್ರಕಟಿಸಿದ ತಿರುಚು ವಿನ್ಯಾಸ ನಮ್ಮ ಮೀಟರು, ಕ್ಯಾಲ್ಕುಲೇಟರು, ಕೈಗಡಿಯಾರಗಳಿಗೆ ಇಂದಿಗೂ ಆಧಾರ.

ಆ ವಿನ್ಯಾಸವನ್ನು ತುಸು ಹತ್ತಿರದಿಂದ ನೋಡಬೇಕು. ಎರಡು ಗಾಜಿನ ಹಾಳೆ, ನಡುವೆ ಕೂದಲಿನ ದಪ್ಪದ ಹತ್ತನೇ ಒಂದು ಪಾಲಿಗಿಂತಲೂ ಕಡಿಮೆ ಸಂದು. ಅದರಲ್ಲಿ ದ್ರವ ಸ್ಫಟಿಕ. ಕೆಳಗಿನ ಗಾಜಿನ ಬಳಿ ಅಣುಗಳು ಒಂದು ದಿಕ್ಕಿಗೆ ಮಲಗಿರುತ್ತವೆ, ಮೇಲೇರುತ್ತ ಸ್ವಲ್ಪಸ್ವಲ್ಪವೇ ತಿರುಗಿ ಮೇಲಿನ ಗಾಜನ್ನು ಮುಟ್ಟುವಾಗ ಕಾಲು ಸುತ್ತು ತಿರುಗಿರುತ್ತವೆ. ಎರಡೂ ಕಡೆ, ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಪೋಲರಾಯ್ಡ್ ಹಾಳೆ ಅಂಟಿಸಿರುತ್ತಾರೆ. ಬೆಳಕು ಅಣುಗಳ ತಿರುವನ್ನು ಅನುಸರಿಸಿ ಹೊರಬೀಳುತ್ತದೆ. ಕೆಲವೇ ವೋಲ್ಟ್ ಕೊಟ್ಟರೆ ಅಣುಗಳು ಎದ್ದು ನಿಲ್ಲುತ್ತವೆ, ತಿರುವು ಇಲ್ಲವಾಗುತ್ತದೆ, ಬೆಳಕಿಗೆ ತಡೆ ಬೀಳುತ್ತದೆ, ಅಲ್ಲಿ ಕಪ್ಪು ಗೆರೆ ಮೂಡುತ್ತದೆ. ಪೋಲರಾಯ್ಡ್ ಕೂಲಿಂಗ್ ಗ್ಲಾಸ್ ಇದ್ದರೆ ಅದರ ಮೂಲಕ ಕ್ಯಾಲ್ಕುಲೇಟರ್ ನೋಡುತ್ತ ನಿಧಾನವಾಗಿ ತಿರುಗಿಸಿ. ಒಂದು ಕೋನದಲ್ಲಿ ಪರದೆ ಪೂರ್ತಿ ಕಪ್ಪಾಗುವುದನ್ನು ಮಕ್ಕಳಿಗೆ ತೋರಿಸಬಹುದು. ಮೀಟರಿನ ಅಂಕಿ ಕೆಳಗಿನಿಂದ ಮಸುಕಾಗುವ ಗುಟ್ಟೂ ಇಲ್ಲೇ ಇದೆ. ಎದ್ದು ನಿಂತ ಕಡ್ಡಿಯನ್ನು ತುದಿಯಿಂದ ನೋಡುವ ಬೆಳಕಿಗೂ ಓರೆಯಾಗಿ ಹಾಯುವ ಬೆಳಕಿಗೂ ಅದು ಒಂದೇ ರೀತಿ ಕಾಣುವುದಿಲ್ಲ. ಓರೆ ಬೆಳಕಿನ ಒಂದಷ್ಟು ಪಾಲು ತಪ್ಪಿಸಿಕೊಂಡು ಸೋರುತ್ತದೆ.

ಇಲ್ಲಿಗೆ ಬರುತ್ತಾರೆ ಶಿವರಾಮಕೃಷ್ಣ ಚಂದ್ರಶೇಖರ್. 1930ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ಇವರು ಸಿ.ವಿ. ರಾಮನ್ ಅವರ ಸೋದರಿಯ ಮಗ. ರಾಮನ್ ಸಂಸ್ಥೆಯಲ್ಲೇ ಸೋದರಮಾವನ ಕೈಕೆಳಗೆ ಸಂಶೋಧನೆ ಮಾಡಿ, ಕೇಂಬ್ರಿಜ್‌ಗೆ ಹೋಗಿ ಬಂದು, 1961ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾದರು. ದ್ರವ ಸ್ಫಟಿಕದ ಕೆಲಸ ಶುರುವಾದದ್ದು ಮೈಸೂರಿನಲ್ಲಿ. ರಾಮನ್ ತೀರಿಕೊಂಡ ಮರುವರ್ಷ, 1971ರಲ್ಲಿ, ಬೆಂಗಳೂರಿಗೆ ಬಂದು ರಾಮನ್ ಸಂಸ್ಥೆಯಲ್ಲಿ ದ್ರವ ಸ್ಫಟಿಕ ಪ್ರಯೋಗಾಲಯ ಕಟ್ಟಿದರು. ಒಂದೇ ಸೂರಿನಡಿ ಪದಾರ್ಥ ತಯಾರಿಸುವ ರಸಾಯನಶಾಸ್ತ್ರಜ್ಞರನ್ನೂ ಅದನ್ನು ಅಳೆಯುವ ಭೌತಶಾಸ್ತ್ರಜ್ಞರನ್ನೂ ಕೂಡಿಸಿದ್ದು ಅವರ ದೊಡ್ಡ ಜಾಣ್ಮೆ ಎಂದು ನನಗನ್ನಿಸುತ್ತದೆ. ಬೇಕಾದ ಅಣುವನ್ನು ಹೊರಗಿನಿಂದ ತರಿಸಿಕೊಳ್ಳಬೇಕಾದ ಪ್ರಯೋಗಾಲಯ ಯಾವತ್ತೂ ಇನ್ನೊಬ್ಬರ ಹಿಂದೆಯೇ ನಡೆಯಬೇಕಾಗುತ್ತದೆ.

ಅಲ್ಲಿಯವರೆಗೆ ಜಗತ್ತಿಗೆ ಗೊತ್ತಿದ್ದ ಬಹುತೇಕ ದ್ರವ ಸ್ಫಟಿಕಗಳು ಕಡ್ಡಿಯಾಕಾರದ ಅಣುಗಳಿಂದ ಆದವು. ಚಪ್ಪಟೆ ಬಿಲ್ಲೆಯಂಥ ಅಣುಗಳೂ ಹಾಗೆ ವರ್ತಿಸಬಾರದೇಕೆ ಎಂಬ ಪ್ರಶ್ನೆಯನ್ನು ಬೆಂಗಳೂರಿನ ಗುಂಪು ಕೈಗೆತ್ತಿಕೊಂಡಿತು. ರಸಾಯನಶಾಸ್ತ್ರಜ್ಞ ಬಿ.ಕೆ. ಸದಾಶಿವ, ಭೌತಶಾಸ್ತ್ರಜ್ಞ ಕೆ.ಎ. ಸುರೇಶ್, ಜೊತೆಗೆ ಚಂದ್ರಶೇಖರ್. ನಡುವೆ ಬೆಂಜೀನ್ ಉಂಗುರ, ಅದರ ಆರೂ ಮೂಲೆಗೆ ಒಂದೊಂದು ಉದ್ದನೆಯ ಬಾಲ, ಇದು ಅವರು ಕಟ್ಟಿಕೊಂಡ ಅಣು. ಕಾಯಿಸಿದಾಗ ಈ ಬಿಲ್ಲೆಗಳು ಒಂದರ ಮೇಲೊಂದು ಕೂತು ಕಂಬಗಳಾದವು. ಕಂಬಗಳು ಷಟ್ಕೋನದ ಲೆಕ್ಕದಲ್ಲಿ ಅಕ್ಕಪಕ್ಕ ನಿಂತವು. ಎಕ್ಸ್-ರೇ ಚಿತ್ರ ಇದನ್ನು ಖಚಿತಪಡಿಸಿತು. ಪ್ರಬಂಧವನ್ನು ಅವರು ವಿದೇಶಕ್ಕೆ ಕಳಿಸಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ 'ಪ್ರಮಾಣ' ಪತ್ರಿಕೆಯ ಒಂಬತ್ತನೇ ಸಂಪುಟದಲ್ಲಿ ಅದು ಅಚ್ಚಾಯಿತು. ಪತ್ರಿಕೆ ಹುಟ್ಟಿ ನಾಲ್ಕು ವರ್ಷವಷ್ಟೇ ಆಗಿತ್ತು. ಭಾರತದ ಪತ್ರಿಕೆಗಳಲ್ಲಿ ಬಂದ ಪ್ರಬಂಧಗಳ ಪೈಕಿ ಜಗತ್ತಿನ ವಿಜ್ಞಾನಿಗಳು ಅತಿ ಹೆಚ್ಚು ಉಲ್ಲೇಖಿಸಿದವುಗಳಲ್ಲಿ ಅದೂ ಒಂದು.

ಬಿಲ್ಲೆಯ ಅಣುವಿನ ಬೆಳಕಿನ ಗುಣ ಕಡ್ಡಿಯ ಗುಣಕ್ಕೆ ತದ್ವಿರುದ್ಧ. 1990ರ ದಶಕದ ನಡುವಿನಲ್ಲಿ ಜಪಾನಿನ ಫ್ಯೂಜಿ ಕಂಪನಿ ಇದನ್ನು ಹಿಡಿಯಿತು. ಬಿಲ್ಲೆ ಅಣುಗಳನ್ನು ಹಂತಹಂತವಾಗಿ ಓರೆಯಾಗಿಸಿ ಹಾಳೆಯ ಮೇಲೆ ಕೂರಿಸಿ ಪರದೆಗೆ ಅಂಟಿಸಿದರೆ, ಕಡ್ಡಿ ಅಣುಗಳು ಓರೆ ಬೆಳಕಿಗೆ ಮಾಡಿದ ಏರುಪೇರನ್ನು ಬಿಲ್ಲೆ ಅಣುಗಳು ಸರಿದೂಗಿಸುತ್ತವೆ. 'ವೈಡ್ ವ್ಯೂ' ಎಂಬ ಹೆಸರಿನ ಆ ಹಾಳೆ ಕಂಪ್ಯೂಟರ್ ಮಾನಿಟರುಗಳಲ್ಲಿ ಸೇರಿಕೊಂಡಿತು. ಸೈಬರ್ ಕೆಫೆಯಲ್ಲಿ ಒಂದು ಚಪ್ಪಟೆ ಮಾನಿಟರ್ ಮುಂದೆ ನಾಲ್ಕು ಮಂದಿ ಕೂತು ಪರೀಕ್ಷೆಯ ಫಲಿತಾಂಶ ನೋಡುತ್ತಿದ್ದ ದಿನಗಳಲ್ಲಿ ಅಂಚಿನಲ್ಲಿದ್ದವರಿಗೂ ಅಂಕ ಕಂಡದ್ದರ ಹಿಂದೆ ಆ ಬಿಲ್ಲೆಯ ಪಾತ್ರವಿದೆ. ಈಗಿನ ಮೊಬೈಲು, ದೊಡ್ಡ ಟಿವಿಗಳು ಬೇರೆ ಹಾದಿ ಹಿಡಿದಿವೆ. ಹಾಗಂತ ಆ ಕೊಡುಗೆ ಸಣ್ಣದಾಗುವುದಿಲ್ಲ.

ರಾಮನ್ ಸಂಸ್ಥೆಯ ಇನ್ನೊಂದು ಹೆಸರು ನಮ್ಮವರಿಗೆ ಪರಿಚಯವೇ ಇಲ್ಲ: ಟಿ.ಎನ್. ರುಕ್ಮಾಂಗದನ್. ಪರದೆಯ ಮೇಲೆ ಚಿತ್ರ ಮೂಡಿಸಲು ಸಾಲುಸಾಲಾಗಿ ವಿದ್ಯುತ್ ಸಂಕೇತ ಕೊಡುತ್ತಾ ಹೋಗಬೇಕು. ಸಾಲು ಹೆಚ್ಚಿದಂತೆ ಒಂದೊಂದು ಸಾಲಿಗೆ ಸಿಗುವ ಸಮಯ ಕಡಿಮೆ, ಚಿತ್ರ ಸಪ್ಪೆ, ವೋಲ್ಟೇಜ್ ಹೆಚ್ಚು. ಒಂದು ಸಾಲಿನ ಬದಲು ಹಲವು ಸಾಲುಗಳನ್ನು ಒಟ್ಟಿಗೆ ಆರಿಸಿ, ಲೆಕ್ಕಾಚಾರದ ಮೂಲಕ ಸಂಕೇತ ಹಂಚುವ ವಿಧಾನವನ್ನು ಅವರು 1980ರ ದಶಕದಲ್ಲಿ ರೂಪಿಸಿದರು. ಆರಂಭದಲ್ಲಿ ಎನ್.ವಿ. ಮಧುಸೂದನ ಅವರ ಜೊತೆಗೂಡಿ ಪ್ರಕಟಿಸಿದರು. ಹಲವು ಸಾಲುಗಳನ್ನು ಒಟ್ಟಿಗೆ ನಡೆಸುವ ಈ ತತ್ವ ಮುಂದೆ ಬ್ಯಾಟರಿ ಉಳಿಸಬೇಕಾದ ಮೊಬೈಲುಗಳ ಪರದೆಗೆ ಬಳಕೆಯಾಯಿತು.

ಚಂದ್ರಶೇಖರ್ ನಿವೃತ್ತರಾದ ಮೇಲೆ ಸುಮ್ಮನೆ ಕೂರಲಿಲ್ಲ. 1991ರಲ್ಲಿ ದ್ರವ ಸ್ಫಟಿಕ ಸಂಶೋಧನಾ ಕೇಂದ್ರ ಆರಂಭಿಸಿದರು. ಜಾಲಹಳ್ಳಿಯಲ್ಲಿ ಜಾಗ, ಕಟ್ಟಡ ಕೊಟ್ಟದ್ದು ಅದೇ ಬಿಇಎಲ್. ಪಿಕ್ಚರ್ ಟ್ಯೂಬಿನ ಕಾರ್ಖಾನೆಯ ನೆರಳಿನಲ್ಲೇ ಆ ಟ್ಯೂಬನ್ನು ಮೂಲೆಗುಂಪು ಮಾಡುವ ಪದಾರ್ಥದ ಅಧ್ಯಯನ ನಡೆದದ್ದು ನನಗೆ ಬಹಳ ಇಷ್ಟವಾದ ಸಂಗತಿ. ಅವರಿಗೆ 1998ರಲ್ಲಿ ಪದ್ಮಭೂಷಣ ಬಂತು. 2004ರಲ್ಲಿ ತೀರಿಕೊಂಡರು. ಆ ಸಂಶೋಧನಾ ಕೇಂದ್ರ ಇಂದು ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಸ್ವಾಯತ್ತ ಸಂಸ್ಥೆ. ನ್ಯಾನೊ ಮತ್ತು ಮೃದು ವಸ್ತು ವಿಜ್ಞಾನ ಕೇಂದ್ರ, ಚಿಕ್ಕದಾಗಿ 'ಸೆನ್ಸ್', ಎಂಬ ಹೆಸರಿನಲ್ಲಿ ತುಮಕೂರು ರಸ್ತೆಯ ಆಚೆ ಶಿವನಪುರದ ಅರ್ಕಾವತಿ ಆವರಣದಲ್ಲಿದೆ.

ಇದೇ ದ್ರವ ಸ್ಫಟಿಕದ ಪರದೆ ವಿಮಾನದೊಳಕ್ಕೂ ಹೋಯಿತು. 2019ರ ನವೆಂಬರ್ 22ರಂದು ಕಲಬುರಗಿ ಬಳಿಯ ಶ್ರೀನಿವಾಸ ಸರಡಗಿಯ ವಿಮಾನ ನಿಲ್ದಾಣ ಉದ್ಘಾಟನೆಯಾದ ಮೇಲೆ ಭೀಮಾ ತೀರದವರಿಗೂ ವಿಮಾನ ದೂರದ ಮಾತಾಗಿ ಉಳಿಯಲಿಲ್ಲ. ಹಳೆಯ ಕಾಕ್‌ಪಿಟ್‌ನಲ್ಲಿ ಮುಳ್ಳು ತಿರುಗುವ ಡಯಲ್‌ಗಳೇ ತುಂಬಿರುತ್ತಿದ್ದವು, ಆಮೇಲೆ ಟ್ಯೂಬಿನ ಪರದೆ ಬಂತು. 1995ರಲ್ಲಿ ಸೇವೆಗಿಳಿದ ಬೋಯಿಂಗ್ 777 ದ್ರವ ಸ್ಫಟಿಕದ ಚಪ್ಪಟೆ ಪರದೆಗಳನ್ನು ಪ್ರಯಾಣಿಕ ವಿಮಾನಕ್ಕೆ ತಂದಿತು. ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದಿಂದ 2001ರ ಜನವರಿ 4ರಂದು ಮೊದಲು ಹಾರಿದ ತೇಜಸ್ ಯುದ್ಧವಿಮಾನದ ಕಾಕ್‌ಪಿಟ್ ಕೂಡ ಪರದೆಗಳದ್ದೇ. ಅದರಲ್ಲಿ ಪೈಲಟ್‌ನ ಕಣ್ಣೆದುರಿನ ಗಾಜಿನ ಮೇಲೆ ವೇಗ, ಎತ್ತರ ಮೂಡಿಸುವ ಉಪಕರಣವನ್ನು ರೂಪಿಸಿದ್ದು ಚಂಡೀಗಢದ ಸಿಎಸ್‌ಐಒ ಸಂಶೋಧನಾ ಸಂಸ್ಥೆ. ಬೆಂಗಳೂರಿನ ಎನ್‌ಎಎಲ್ ರೂಪಿಸಿ 2021ರಲ್ಲಿ ಹಾರಿಸಿದ ಎರಡು ಆಸನದ ತರಬೇತಿ ವಿಮಾನ ಹನ್ಸ-ಎನ್‌ಜಿಯಲ್ಲೂ ಡಯಲ್‌ಗಳ ಜಾಗಕ್ಕೆ ಪರದೆ ಬಂದಿದೆ.

ಮನರಂಜನೆಯ ಪರದೆಗೂ ಆಕಾಶದ ಪರದೆಗೂ ಪದಾರ್ಥ ಒಂದೇ, ಪರೀಕ್ಷೆ ಬೇರೆ. ಧಾರಾವಾಹಿ ನೋಡುವಾಗ ಬಿಸಿಲು ಬಿದ್ದರೆ ಎದ್ದು ಕಿಟಕಿ ಮುಚ್ಚುತ್ತೇವೆ. ಮೋಡದ ಮೇಲಿನ ನೇರ ಬಿಸಿಲನ್ನು ಪೈಲಟ್ ಮುಚ್ಚಲಾರ, ಪರದೆಯೇ ಅದನ್ನು ಮೀರಿ ಬೆಳಗಬೇಕು, ರಾತ್ರಿ ಕಣ್ಣು ಕುಕ್ಕದಷ್ಟು ತಗ್ಗಲೂ ಬೇಕು. ಎಡಗಡೆ ಕೂತ ಕ್ಯಾಪ್ಟನ್ ಬಲಗಡೆಯ ಪರದೆಯನ್ನೂ ಓದಬೇಕು, ಅಂದರೆ ನಮ್ಮ ಮೀಟರಿನ ಓರೆ ನೋಟದ ತೊಂದರೆ ಅಲ್ಲಿ ಸಲ್ಲದು. ಚಳಿಯಲ್ಲಿ ದ್ರವ ಸ್ಫಟಿಕ ಗಟ್ಟಿಯಾಗಿ ಅಣುಗಳು ನಿಧಾನವಾಗುತ್ತವೆ, ಚಿತ್ರ ಎಳೆದಂತಾಗುತ್ತದೆ. ಅದಕ್ಕಾಗಿ ಗಾಜಿನೊಳಗೇ ಕಣ್ಣಿಗೆ ಕಾಣದ ಹೀಟರ್ ಪದರ ಇಡುತ್ತಾರೆ.

ವಿದ್ಯುತ್ ಹರಿಯಬೇಕು, ಬೆಳಕೂ ಹಾಯಬೇಕು. ಅಂಥ ಪದರ ಎಲ್ಲ ಪರದೆಗೂ ಬೇಕು. ಸಾಮಾನ್ಯವಾಗಿ ಅದಕ್ಕೆ ಬಳಸುವುದು ಇಂಡಿಯಂ ಟಿನ್ ಆಕ್ಸೈಡ್. ಇಂಡಿಯಂ ವಿರಳ, ದುಬಾರಿ. ಸೆನ್ಸ್‌ನ ನಿರ್ದೇಶಕರಾಗಿದ್ದ ಜಿ.ಯು. ಕುಲಕರ್ಣಿ ಮತ್ತು ಸಂಗಡಿಗರು ಇದಕ್ಕೆ ಕಂಡುಕೊಂಡ ಉಪಾಯ ಅಫಜಲಪುರದ ರೈತರಿಗೆ ಒಂದೇ ಮಾತಿನಲ್ಲಿ ಅರ್ಥವಾದೀತು. ಗಾಜಿನ ಮೇಲೆ ಒಂದು ಬಗೆಯ ಅಂಟುದ್ರವ ಸಿಂಪಡಿಸಿ ಒಣಗಲು ಬಿಡುತ್ತಾರೆ. ಬೇಸಿಗೆಯಲ್ಲಿ ನಮ್ಮ ಎರೆ ಹೊಲ ಬಿರುಕು ಬಿಡುತ್ತದಲ್ಲ, ಹಾಗೇ ಅದು ಒಂದಕ್ಕೊಂದು ಕೂಡಿಕೊಂಡ ಬಿರುಕುಗಳ ಜಾಲವಾಗಿ ಸೀಳುತ್ತದೆ. ಅದರ ಮೇಲೆ ಲೋಹದ ಆವಿ ಕೂರಿಸಿ ಅಂಟನ್ನು ತೊಳೆದುಬಿಟ್ಟರೆ ಬಿರುಕಿನೊಳಗಿನ ಲೋಹ ಮಾತ್ರ ಉಳಿಯುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಯ ಜಾಲರಿ, ಎಲ್ಲೂ ಕಡಿಯದ ದಾರಿ. ಬೆಳಕು ನಡುವೆ ಹಾಯುತ್ತದೆ, ವಿದ್ಯುತ್ ಎಳೆಯಲ್ಲಿ ಹರಿಯುತ್ತದೆ. ಗಾಜು ಬಿಸಿ ಮಾಡಿ ಮಂಜು ಕರಗಿಸಲೂ, ಬೇಕೆಂದಾಗ ಮಬ್ಬಾಗುವ ಜಾಣ ಕಿಟಕಿಗೂ ಇದು ಒದಗುತ್ತದೆ. ಇದನ್ನು ದೊಡ್ಡ ಪ್ರಮಾಣಕ್ಕೆ ಒಯ್ಯಲು ಬೆಂಗಳೂರಿನ ಹಿಂದ್ ಹೈ ವ್ಯಾಕ್ಯೂಮ್ ಕಂಪನಿ ಕೈಜೋಡಿಸಿದೆ. ಸೆನ್ಸ್‌ನ ಎಲ್ಲ ಕೆಲಸಗಳ ಪೈಕಿ ನನ್ನ ಮನಸ್ಸು ನಿಲ್ಲುವುದು ಈ ಬಿರುಕಿನ ಮೇಲೆಯೇ. ದುಬಾರಿ ಯಂತ್ರದಿಂದ ಗೆರೆ ಕೊರೆಯುವ ಬದಲು ಒಣಗುವ ಪದಾರ್ಥದ ಸ್ವಭಾವಕ್ಕೇ ಕೆಲಸ ಒಪ್ಪಿಸಿದ್ದಾರೆ.

ಕೊರಗು ಇಲ್ಲದಿಲ್ಲ. ಬಿಲ್ಲೆ ಅಣು ಹುಟ್ಟಿದ್ದು ಬೆಂಗಳೂರಿನಲ್ಲಿ, ಅದರಿಂದ ಹಾಳೆ ಮಾಡಿ ಮಾರಿದ್ದು ಜಪಾನ್. ನಾವು ಬಳಸುವ ಟಿವಿ, ಮೊಬೈಲುಗಳ ಪರದೆಯ ಪ್ಯಾನೆಲ್ ಇಂದಿಗೂ ಬಹುಪಾಲು ಚೀನಾ, ಕೊರಿಯಾ, ತೈವಾನ್‌ಗಳಿಂದ ಬರುತ್ತದೆ. ಚಿಪ್ ಮತ್ತು ಪರದೆ ತಯಾರಿಕೆಗೆ 76,000 ಕೋಟಿ ರೂಪಾಯಿಯ ಯೋಜನೆಯನ್ನು ಕೇಂದ್ರ ಸರ್ಕಾರ ಪ್ರಕಟಿಸಿದ್ದು 2021ರ ಡಿಸೆಂಬರ್‌ನಲ್ಲಿ, ಅಂದರೆ ಆ ಪ್ರಬಂಧ ಬಂದ 44 ವರ್ಷಗಳ ಮೇಲೆ. ಪ್ರಯೋಗಾಲಯಕ್ಕೆ ಬಿಇಎಲ್ ಜಾಗ ಕೊಟ್ಟಿತು, ಸರ್ಕಾರ ಸಂಬಳ ಕೊಟ್ಟಿತು. ಕಾರ್ಖಾನೆ ಕಟ್ಟುವ ಧೈರ್ಯವನ್ನು ಮಾತ್ರ ಯಾರೂ ಮಾಡಲಿಲ್ಲ. ಇದು ವಿಜ್ಞಾನಿಗಳ ಸೋಲಲ್ಲ, ಹಣ ಹೂಡಬೇಕಾದವರ ಸೋಲು ಎಂದು ನಾನು ಖಂಡಿತವಾಗಿ ಹೇಳುತ್ತೇನೆ.

ಅಫಜಲಪುರ, ಆಳಂದ, ಜೇವರ್ಗಿ ಕಡೆಯ ಶಾಲೆ-ಕಾಲೇಜುಗಳ ವಿಜ್ಞಾನ ಶಿಕ್ಷಕರಲ್ಲಿ ಒಂದು ವಿನಂತಿ. 1977ರ ಆ ಪ್ರಬಂಧ ಭಾರತೀಯ ವಿಜ್ಞಾನ ಅಕಾಡೆಮಿಯ ಜಾಲತಾಣದಲ್ಲಿ ಯಾರಿಗಾದರೂ ಉಚಿತವಾಗಿ ಸಿಗುತ್ತದೆ. ಹತ್ತೇ ಪುಟ. ಪದವಿಯ ಮಕ್ಕಳ ಜೊತೆ ಕೂತು ಒಮ್ಮೆ ಓದಿಸಿ. ಬೆಂಗಳೂರಿಗೆ ಶೈಕ್ಷಣಿಕ ಪ್ರವಾಸ ಹೊರಡುವಾಗ ಲಾಲ್‌ಬಾಗ್, ವಿಧಾನಸೌಧಗಳ ಪಟ್ಟಿಗೆ ಶಿವನಪುರದ ಹೆಸರನ್ನೂ ಸೇರಿಸಿ, ಮುಂಚಿತವಾಗಿ ಪತ್ರ ಬರೆದು ಅನುಮತಿ ಕೇಳಿ.