ಗಾಲಿಯ ಮನೆ ಮತ್ತು ಮೂಕಿಯ ಭಾರ

ಮಾವಿನ ಕಾಲ ಬಂದಿತೆಂದರೆ ಶ್ರೀನಿವಾಸಪುರದ ಸುತ್ತಲಿನ ತೋಪುಗಳಲ್ಲಿ ಗುಡಿಸಲುಗಳು ಏಳುತ್ತವೆ. ಫಸಲನ್ನು ಗುತ್ತಿಗೆಗೆ ಹಿಡಿದವರು ಕಾಯಿ ಬಲಿತು ಕೊಯ್ಲು ಮುಗಿಯುವವರೆಗೆ ಹಗಲಿರುಳು ಕಾವಲಿರಬೇಕಾಗುತ್ತದೆ. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರ ಮನೆತನದ ಕಸುಬು ಇದೇ. ಬೇಸಿಗೆಯಲ್ಲಿ ಶ್ರೀನಿವಾಸಪುರದ ತೋಪು. ಉಳಿದ ತಿಂಗಳುಗಳಲ್ಲಿ ಮುಳಬಾಗಿಲು, ಮಾಲೂರು ತಾಲ್ಲೂಕುಗಳ ಗುತ್ತಿಗೆ ಹೊಲಗಳಲ್ಲಿ ಟೊಮ್ಯಾಟೊ. ಬೆಳೆದುದನ್ನು ಕೋಲಾರದ ಮಂಡಿಗೆ ಸಾಗಿಸಲು ಅವರಲ್ಲಿ ಒಂದು ಪಿಕಪ್ ಟ್ರಕ್ಕು ಇದೆ. ವರ್ಷವರ್ಷವೂ ಗುಡಿಸಲು ಕಟ್ಟಿ ಕೆಡಹುವುದರ ಬದಲು, ಮಲಗಲು ಎರಡು ಹಲಗೆ, ಒಂದು ಒಲೆ, ಒಂದು ನೀರಿನ ತೊಟ್ಟಿ ಇರುವ ಗಾಲಿಯ ಮನೆಯೊಂದನ್ನು ಮಾಡಿಸಿ ಪಿಕಪ್ಪಿನ ಹಿಂದೆ ಕಟ್ಟಿಕೊಂಡು ಹೋಗಬಾರದೇಕೆ? ಹೀಗೆ ಯೋಚಿಸಿ ಅವರು ನಮ್ಮ ಬಳಿಗೆ ಬಂದರು. ಕೈಯಲ್ಲಿ ಕಬ್ಬಿಣದ ಕೆಲಸದ ಅಂಗಡಿಯೊಂದರವರು ಬರೆದುಕೊಟ್ಟ ನಕ್ಷೆಯಿತ್ತು. ಅವರು ಕೇಳಿದ ಪ್ರಶ್ನೆ ಒಂದೇ: “ನಮ್ಮ ಗಾಡಿ ಇದನ್ನು ಎಳೆಯಬಲ್ಲುದೇ ಸಾರ್?”

ಈ ಬಯಕೆ ಹೊಸದೇನೂ ಅಲ್ಲ. 1885ರಲ್ಲಿಯೇ ಸ್ಕಾಟ್ಲೆಂಡಿನ ವೈದ್ಯರೂ ಲೇಖಕರೂ ಆಗಿದ್ದ ಗಾರ್ಡನ್ ಸ್ಟೇಬಲ್ಸ್ ಎಂಬುವರು ‘ವಾಂಡರರ್’ ಎಂಬ ಗಾಲಿಯ ಮನೆಯನ್ನು ಕಟ್ಟಿಸಿ, ಕುದುರೆಗಳಿಂದ ಎಳೆಯಿಸಿಕೊಂಡು ಬ್ರಿಟನ್ನಿನ ಉದ್ದಕ್ಕೂ ಸಂಚರಿಸಿದರು. ಅದರ ತೂಕ ಸುಮಾರು ಎರಡು ಟನ್ನು.

ಎರಡು ಟನ್ನನ್ನು ಕುದುರೆಗಳು ಎಳೆದುವೆಂದರೆ ಎಳೆತವು ಅಷ್ಟು ದೊಡ್ಡ ಸಮಸ್ಯೆಯಲ್ಲವೆಂದು ಹೊಳೆಯಬೇಕು. ಗಾಳಿ ತುಂಬಿದ ಟೈರು ಸಮತಟ್ಟಾದ ಟಾರು ರಸ್ತೆಯ ಮೇಲೆ ಉರುಳುವಾಗ ಉಂಟಾಗುವ ತಡೆಯು ಅದು ಹೊತ್ತ ತೂಕದ ನೂರರಲ್ಲಿ ಒಂದೆರಡು ಭಾಗ ಮಾತ್ರ. 1,200 ಕಿಲೋಗ್ರಾಂ ತೂಕದ ಗಾಲಿಮನೆಯನ್ನು ಮೆಲ್ಲನೆ ಉರುಳಿಸಲು ಇಬ್ಬರು ಆಳುಗಳು ಸಾಕು. ಏರಿನಲ್ಲಿ ಹೆಚ್ಚು ಬಲ ಬೇಕು, ನಿಜ. ಆದರೂ ಇಪ್ಪತ್ತಕ್ಕೊಂದರ ಏರಿನಲ್ಲಿ ಹೆಚ್ಚುವರಿಯಾಗಿ ಬೇಕಾಗುವುದು 60 ಕಿಲೋಗ್ರಾಂ ತೂಕಕ್ಕೆ ಸಮನಾದ ಎಳೆತವಷ್ಟೆ. ಆದುದರಿಂದ ನಾವು ನಮ್ಮ ಮಿತ್ರರಿಗೆ, ನೀವು ಕೇಳಬೇಕಾದ ಪ್ರಶ್ನೆ ಇದಲ್ಲ ಎಂದೆವು. ಎಳೆಯುವ ಗಾಡಿಯ ಕೊಂಡಿಯ ಮೇಲೆ ಎಷ್ಟು ಭಾರ ಕೂರುತ್ತದೆ? ಹಿಂದಿನ ಬಂಡಿ ಓಲಾಡಿದರೆ ಏನಾಗುತ್ತದೆ? ಎರಡೂ ಕೂಡಿ ಎಷ್ಟು ದೂರದಲ್ಲಿ ನಿಲ್ಲುತ್ತವೆ? ಟ್ರೇಲರನ್ನು ಆರಿಸುವುದೆಂದರೆ ಈ ಮೂರಕ್ಕೆ ಉತ್ತರ ಹುಡುಕುವುದು.

ಮೊದಲನೆಯದಕ್ಕೆ ಉತ್ತರವನ್ನು ನಮ್ಮ ಎತ್ತಿನ ಗಾಡಿಯವರು ಬಲ್ಲರು. ಎರಡು ಗಾಲಿಯ ಗಾಡಿಗೆ ಹೊರೆ ಹೇರುವಾಗ ಅವರು ಅಚ್ಚಿನ ಮೇಲೆ ಸರಿಯಾಗಿ ತೂಗುವಂತೆ ಹೇರುವುದಿಲ್ಲ. ಒಂದಿಷ್ಟು ಮುಂದಕ್ಕೆ ಹೇರಿ ಮೂಕಿಯು ನೊಗದ ಮೇಲೆ ಹಗುರವಾಗಿ ಒತ್ತುವಂತೆ ನೋಡಿಕೊಳ್ಳುತ್ತಾರೆ. ಮುಂಭಾರ ಹೆಚ್ಚಾದರೆ ಎತ್ತಿನ ಹೆಗಲು ಬಾಯುತ್ತದೆ. ಹಿಂಭಾರವಾದರೆ ಮೂಕಿ ಎದ್ದು ಕೊರಳಕಣ್ಣಿ ಎತ್ತಿನ ಗಂಟಲನ್ನು ಒತ್ತುತ್ತದೆ. ಅಚ್ಚನ್ನು ಆನಿಕೆಯಾಗಿ ಉಳ್ಳ ಈ ಸನ್ನೆಕೋಲಿನಲ್ಲಿ ಎತ್ತುಗಳಿಗೆ ಬದಲಾಗಿ ಪಿಕಪ್ಪಿನ ಕೊಂಡಿಯನ್ನು ಇಟ್ಟರೆ ನಮ್ಮ ಟ್ರೇಲರು ಸಿದ್ಧವಾಯಿತು. ಅನುಭವದಿಂದ ಕಂಡುಕೊಂಡ ನಿಯಮವೂ ಒಂದುಂಟು: ಇಂತಹ ವಾಸದ ಟ್ರೇಲರಿನ ಒಟ್ಟು ತೂಕದ ನೂರರಲ್ಲಿ ಸುಮಾರು ಹತ್ತರಿಂದ ಹದಿನೈದು ಭಾಗ ಕೊಂಡಿಯ ಮೇಲೆ ಇರಬೇಕೆಂಬುದು ಅಮೆರಿಕದವರ ವಾಡಿಕೆ. ಹಗುರವಾದ ಬಂಡಿಗಳನ್ನು ಬಳಸುವ ಯೂರೋಪಿನವರು ಇದಕ್ಕಿಂತ ಕಡಿಮೆಯನ್ನು ಒಪ್ಪುತ್ತಾರೆ. ಸೊನ್ನೆಯನ್ನು ಯಾರೂ ಒಪ್ಪುವುದಿಲ್ಲ.

ಈಗ ನಕ್ಷೆಯನ್ನು ನೋಡೋಣ. ಕೊಂಡಿಯಿಂದ ಅಚ್ಚಿಗೆ 3 ಮೀಟರ್ ದೂರ. ನೀರನ್ನು ಬಿಟ್ಟು, ಸಾಮಾನು ಸರಂಜಾಮು ಸೇರಿ ತೂಕ 1,000 ಕಿಲೋಗ್ರಾಂ. ಗುರುತ್ವ ಕೇಂದ್ರವು ಅಚ್ಚಿಗಿಂತ 30 ಸೆಂಟಿಮೀಟರ್ ಮುಂದೆ. ಅಚ್ಚಿನ ಸುತ್ತ ಭ್ರಾಮಕಗಳನ್ನು ಸಮೀಕರಿಸಿದರೆ ಕೊಂಡಿಯ ಮೇಲಿನ ಭಾರ 1,000ವನ್ನು 0.3ರಿಂದ ಗುಣಿಸಿ 3ರಿಂದ ಭಾಗಿಸಿದಷ್ಟು, ಎಂದರೆ 100 ಕಿಲೋಗ್ರಾಂ. ನೂರರಲ್ಲಿ ಹತ್ತು ಭಾಗ. ಇಲ್ಲಿಯವರೆಗೆ ಕುಂದಿಲ್ಲ.

ಆದರೆ ನೀರು? ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಪಾಲಾರ್, ದಕ್ಷಿಣ ಪಿನಾಕಿನಿಗಳ ಹೆಸರು ದೊಡ್ಡದು, ನೀರು ಮಳೆಗಾಲದ್ದು. ತೋಪಿನಲ್ಲಿ ತಂಗುವವರು ಕುಡಿಯುವ ನೀರನ್ನು ಜೊತೆಗೆ ಒಯ್ಯಲೇಬೇಕು. ನಕ್ಷೆ ಬರೆದವರು 200 ಲೀಟರಿನ ತೊಟ್ಟಿಯನ್ನು, ತುಂಬಿಸಲು ಅನುಕೂಲವೆಂದು, ಹಿಂಬದಿಯ ಗೋಡೆಗೆ ಒರಗಿಸಿದ್ದರು. ಅಚ್ಚಿನಿಂದ ಅಲ್ಲಿಗೆ ಒಂದೂವರೆ ಮೀಟರ್. 200 ಲೀಟರ್ ನೀರೆಂದರೆ 200 ಕಿಲೋಗ್ರಾಂ; ಅದು ಕೊಂಡಿಯಿಂದ ಕಳೆಯುವ ಭಾರ 200ನ್ನು 1.5ರಿಂದ ಗುಣಿಸಿ 3ರಿಂದ ಭಾಗಿಸಿದಷ್ಟು, ಎಂದರೆ ಸರಿಯಾಗಿ 100 ಕಿಲೋಗ್ರಾಂ! ತೊಟ್ಟಿ ತುಂಬಿದೊಡನೆ ಕೊಂಡಿಯ ಮೇಲೆ ಉಳಿಯುವುದು ಸೊನ್ನೆ. ಮಿತ್ರರ ತಂದೆ, ಹಿಂದೆ ಗಾಡಿ ಹೊಡೆದಿದ್ದವರು, ಪಕ್ಕದಲ್ಲಿ ಕುಳಿತು ಎಲ್ಲವನ್ನೂ ಕೇಳುತ್ತಿದ್ದರು. ಲೆಕ್ಕ ಮುಗಿಯುವ ಮೊದಲೇ “ಹಿಂಭಾರ” ಎಂದರು.

ಹಿಂಭಾರದಿಂದ ಆಗುವ ಕೇಡಾದರೂ ಏನು? ಎಳೆಯಲ್ಪಡುವ ಬಂಡಿಯು ಕೊಂಡಿಯ ಸುತ್ತ ಎಡಕ್ಕೂ ಬಲಕ್ಕೂ ತೂಗಬಲ್ಲ ಒಂದು ಲೋಲಕ. ಪಕ್ಕದಲ್ಲಿ ಲಾರಿಯೊಂದು ರಭಸದಿಂದ ಹಾದರೆ ಅದು ಸರಿಸಿದ ಗಾಳಿಯು ಈ ಲೋಲಕವನ್ನು ತಳ್ಳುತ್ತದೆ. ಕೋಲಾರದಿಂದ ಮುಳಬಾಗಿಲಿಗೆ ಹೋಗುವ ಹೆದ್ದಾರಿಯಲ್ಲಿ ಇದು ಗಳಿಗೆಗೊಮ್ಮೆ ನಡೆಯುವ ಸಂಗತಿ. ಟೈರುಗಳ ಅಡ್ಡಹಿಡಿತವು ಬಂಡಿಯನ್ನು ಮತ್ತೆ ನೇರಕ್ಕೆ ತರುತ್ತದೆ. ನಿಧಾನವಾಗಿ ಹೋಗುವಾಗ ಎರಡು ಮೂರು ತೂಗಾಟಗಳಲ್ಲಿ ಎಲ್ಲವೂ ಅಡಗುತ್ತದೆ. ವೇಗ ಹೆಚ್ಚಿದಂತೆಲ್ಲ ಟೈರುಗಳು ತೂಗಾಟವನ್ನು ಅಡಗಿಸುವ ಶಕ್ತಿ ಕುಗ್ಗುತ್ತ ಬಂದು, ಒಂದು ವೇಗವನ್ನು ಮೀರಿದ ಮೇಲೆ ಪ್ರತಿಯೊಂದು ತೂಗಾಟವೂ ಹಿಂದಿನದಕ್ಕಿಂತ ದೊಡ್ಡದಾಗತೊಡಗುತ್ತದೆ. ಕೊನೆಗೆ ಬಾಲವೇ ನಾಯಿಯನ್ನು ಅಲ್ಲಾಡಿಸುತ್ತದೆ; ಬಂಡಿಯ ಜೊತೆಗೆ ಪಿಕಪ್ಪೂ ಉರುಳುವುದುಂಟು. ಹಿಂಭಾರವು ಈ ಅಪಾಯದ ವೇಗವನ್ನು ಕೆಳಕ್ಕೆ ಇಳಿಸುತ್ತದೆ. ಓಲಾಟ ಮೊದಲಾದಾಗ ವೇಗ ಹೆಚ್ಚಿಸಿ ಬಂಡಿಯನ್ನು ನೇರಕ್ಕೆ ಎಳೆಯುತ್ತೇವೆನ್ನುವವರಿದ್ದಾರೆ. ಅದು ಉರಿಗೆ ಎಣ್ಣೆ ಹೊಯ್ದಂತೆ. ಚಕ್ರವನ್ನು ನೇರವಾಗಿ ಹಿಡಿದು, ವೇಗದ ಪೆಡಲಿನಿಂದ ಕಾಲು ತೆಗೆದು, ತಾನಾಗಿಯೇ ವೇಗ ಇಳಿಯಲು ಬಿಡಬೇಕು.

ನಾವು ಹೇಳಿದುದನ್ನು ಅಂಗಡಿಯವರಿಗೆ ತಿಳಿಸಿದಾಗ ಅವರು ಸುಲಭದ ಪರಿಹಾರವೊಂದನ್ನು ಹೇಳಿ ಕಳುಹಿಸಿದರು: ಮುಂದುಗಡೆ ಒಂದು ಚೀಲ ಮರಳು ಹಾಕಿದರಾಯಿತಲ್ಲ! ಕೊಂಡಿಯ ಲೆಕ್ಕ ಇದರಿಂದ ಸರಿಹೋಗಬಹುದು. ಆದರೆ ಎರಡು ತುದಿಗಳಲ್ಲಿಯೂ ಭಾರವಿಟ್ಟ ಕೋಲನ್ನು ನಡುವೆ ಹಿಡಿದು ತಿರುಗಿಸಿ ನೋಡಿ. ತಿರುಗಿಸುವುದೂ ಕಷ್ಟ, ತಿರುಗತೊಡಗಿದ್ದನ್ನು ನಿಲ್ಲಿಸುವುದು ಇನ್ನೂ ಕಷ್ಟ. ಜಡತ್ವ ಭ್ರಾಮಕವೆಂದು ಪಠ್ಯದಲ್ಲಿ ಓದುವುದು ಇದನ್ನೇ. ಭಾರವೆಲ್ಲವೂ ಅಚ್ಚಿನ ಆಸುಪಾಸಿನಲ್ಲಿ, ಕೆಳಮಟ್ಟದಲ್ಲಿ ಇರುವುದು ಮೇಲು. ಆದುದರಿಂದ ತೊಟ್ಟಿಯನ್ನು ಮಲಗುವ ಹಲಗೆಯ ಅಡಿಗೆ, ಅಚ್ಚಿಗಿಂತ 30 ಸೆಂಟಿಮೀಟರ್ ಮುಂದಕ್ಕೆ ತರಿಸಿದೆವು. ಆಗ ನೀರು ಕೊಂಡಿಗೆ 20 ಕಿಲೋಗ್ರಾಂ ಸೇರಿಸುತ್ತದೆ. ಒಟ್ಟು 1,200ಕ್ಕೆ 120. ಇನ್ನೊಂದು ಲಾಭವೆಂದರೆ ನೀರು ಬಳಸಿ ಮುಗಿದರೂ ಈ ಪ್ರಮಾಣ ಕೆಡುವುದಿಲ್ಲ.

ಈ 120 ಕಿಲೋಗ್ರಾಂ ಪಿಕಪ್ಪಿಗೆ ಬರಿಯ 120 ಅಲ್ಲವೆಂಬುದನ್ನು ಹಲವರು ಮರೆಯುತ್ತಾರೆ. ಕೊಂಡಿಯು ಹಿಂದಿನ ಅಚ್ಚಿಗಿಂತಲೂ ಹಿಂದಿದೆ. ಆ ದೂರ 1.25 ಮೀಟರ್, ಪಿಕಪ್ಪಿನ ಎರಡು ಅಚ್ಚುಗಳ ನಡುವೆ 3 ಮೀಟರ್ ಎಂದಿಟ್ಟುಕೊಂಡರೆ ಮುಂದಿನ ಗಾಲಿಗಳ ಮೇಲೆ 50 ಕಿಲೋಗ್ರಾಂ ಇಳಿದು, ಹಿಂದಿನವುಗಳ ಮೇಲೆ 170 ಏರುತ್ತದೆ. ದಿಕ್ಕು ತಿರುಗಿಸುವ ಗಾಲಿಗಳು ಹಗುರವಾದವು. ಮೊದಲೇ ಹೊರೆ ಹೊತ್ತವು ಇನ್ನೂ ಬಳಲಿದವು. ಪಿಕಪ್ಪಿನ ತೊಟ್ಟಿಲಲ್ಲಿ ಆಗಲೇ 15 ಕಿಲೋಗ್ರಾಮಿನ ಟೊಮ್ಯಾಟೊ ಪೆಟ್ಟಿಗೆಗಳನ್ನು ಅದರ ಮಿತಿಯವರೆಗೆ ಹೇರಿದ್ದರೆ ಟ್ರೇಲರನ್ನು ಕಟ್ಟುವ ಮಾತೇ ಇಲ್ಲ. ನಾಲ್ಕು ಗಾಲಿಯ, ಮುಂದಿನ ಅಚ್ಚು ತಿರುಗುವ ಟ್ರೇಲರಾದರೆ ಕೊಂಡಿಯ ಮೇಲೆ ಹೊರೆ ಬೀಳುವುದಿಲ್ಲ, ಸರಿಯೆ. ಅದನ್ನು ಹಿಮ್ಮೆಟ್ಟಿಸಿ ತೋಪಿನ ಓಣಿಯಲ್ಲಿ ತಿರುಗಿಸಬಲ್ಲ ಚಾಲಕರನ್ನು ನಾವು ಕಂಡಿರುವುದು ಕಡಿಮೆ.

ಇನ್ನು ನಿಲ್ಲುವ ವಿಚಾರ. ಪಿಕಪ್ಪು ತನ್ನ ಹೊರೆಯೊಂದಿಗೆ 1,800 ಕಿಲೋಗ್ರಾಂ ಇರಲಿ, ಘರ್ಷಣಾಂಕ 0.6 ಎನ್ನೋಣ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬ್ರೇಕು ಹಿಡಿದರೆ ಪಿಕಪ್ಪೊಂದೇ ಸುಮಾರು 24 ಮೀಟರಿನಲ್ಲಿ ನಿಲ್ಲುತ್ತದೆ. ಬ್ರೇಕಿಲ್ಲದ 1,200 ಕಿಲೋಗ್ರಾಮಿನ ಬಂಡಿ ಹಿಂದಿದ್ದರೆ ಸುಮಾರು 37 ಮೀಟರ್ ಬೇಕು. ಕಣ್ಣು ಕಂಡು ಕಾಲು ಒತ್ತುವಷ್ಟರಲ್ಲಿ ಒಂದು ಸೆಕೆಂಡು ಕಳೆದರೆ ಇನ್ನೂ 17. ಇಳಿಜಾರಿನಲ್ಲಿ ಹಿಂದಿನದು ಮುಂದಿನದನ್ನು ತಳ್ಳುತ್ತದೆ. ಚಿತ್ತೂರಿನ ತಿರುಳಿನ ಕಾರ್ಖಾನೆಗಳಿಗೆ ತೋತಾಪುರಿ ಹೊತ್ತು ಮೊಗಿಲಿ ಘಾಟಿನಲ್ಲಿ ಇಳಿದ ಚಾಲಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಂಡಿಗೆ ಸ್ವಂತ ಬ್ರೇಕು ಇಲ್ಲದಿದ್ದರೆ ಎಷ್ಟು ಅಗ್ಗವಾದರೂ ಕೊಳ್ಳಬೇಡಿರೆಂದೆವು. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಟ್ರೇಲರೂ ಒಂದು ಮೋಟಾರು ವಾಹನವೇ ಆದುದರಿಂದ ನೋಂದಣಿಯನ್ನೂ ಮಾಡಿಸಬೇಕೆಂದು ನೆನಪಿಸಿದೆವು.

ಆಗ ಮಿತ್ರರು ಅದುವರೆಗೆ ಹೇಳದಿದ್ದ ಮಾತನ್ನು ಹೇಳಿದರು. ತಂದೆಯವರಿಗೆ ಮಂಡಿನೋವು; ಪಿಕಪ್ಪಿನ ಮುಂಭಾಗದಲ್ಲಿ ಕಾಲು ಮಡಿಸಿ ಕೂರುವುದು ಕಷ್ಟ; ಪ್ರಯಾಣದಲ್ಲಿ ಅವರು ಹಿಂದೆ ಹಲಗೆಯ ಮೇಲೆ ಮಲಗಿ ಬರಲೆಂದೇ ಈ ಮನೆಯ ಯೋಚನೆ ಮೊದಲು ಹುಟ್ಟಿತಂತೆ. ನಾವು ಖಂಡಿತವಾಗಿ ಬೇಡವೆಂದೆವು. ಓಡುವ ಟ್ರೇಲರಿನೊಳಗೆ ಯಾರೂ ಇರಬಾರದು. ಅಲ್ಲಿ ಬಿಗಿದು ಕೂರುವ ಪಟ್ಟಿಯಿಲ್ಲ. ಓಲಾಟ ಚಾಲಕನಿಗೆ ತಿಳಿಯುವ ಮೊದಲೇ ಅಲ್ಲಿರುವವನನ್ನು ಗೋಡೆಗೆ ಅಪ್ಪಳಿಸುತ್ತದೆ. ಕೂಗಿದರೆ ಮುಂದೆ ಕೇಳಿಸದು. ಮಿತ್ರರಿಗೆ ಅಸಮಾಧಾನವಾದುದು ಮುಖದಲ್ಲಿಯೇ ಕಂಡಿತು. ಮುದುಕರು ಮಾತ್ರ ನಕ್ಕರು.

ಬಂಡಿ ಸಿದ್ಧವಾದ ಮೇಲೆ ತೊಟ್ಟಿಗೆ ನೀರು ತುಂಬಿಸಿ ಕೋಲಾರದ ಹೊರವಲಯದ ತೂಕದ ಸೇತುವೆಯೊಂದಕ್ಕೆ ಒಯ್ದೆವು. ಇದು ಯಾರಾದರೂ ಮಾಡಬಹುದಾದ ಪ್ರಯೋಗ. ಮೊದಲು ಕೊಂಡಿ ಕಳಚದೆ ಪಿಕಪ್ಪನ್ನು ಸೇತುವೆಯಿಂದ ಆಚೆ ನಿಲ್ಲಿಸಿ ಟ್ರೇಲರಿನ ಗಾಲಿಗಳನ್ನಷ್ಟೇ ಮೇಲಿರಿಸಬೇಕು. ಆಮೇಲೆ ಕೊಂಡಿ ಕಳಚಿ, ಮೂಕಿಗೆ ಸೇತುವೆಯ ಮೇಲೆಯೇ ಊರುಗೋಲು ಕೊಟ್ಟು ಇಡಿಯ ಟ್ರೇಲರನ್ನು ತೂಗಬೇಕು. ಎರಡರ ಅಂತರವೇ ಕೊಂಡಿಯ ಭಾರ. ನಮಗೆ ಬಂದ ಅಂಕಿಗಳು 1,110 ಮತ್ತು 1,240, ಅಂತರ 130. ಹೆಚ್ಚಿನ 40 ಕಿಲೋಗ್ರಾಂ ಎಲ್ಲಿಂದ ಬಂದಿತೆಂದು ಬಾಗಿಲು ತೆರೆದು ನೋಡಿದರೆ ಮುಂದಿನ ಹಲಗೆಯ ಕೆಳಗೆ ಅಕ್ಕಿಯ ಮೂಟೆಯೂ ರಾಗಿಹಿಟ್ಟಿನ ಡಬ್ಬವೂ ಇದ್ದುವು. ಮುದುಕರು ಆ ಹೊತ್ತಿಗೆ ಪಿಕಪ್ಪಿನ ಮುಂಭಾಗವನ್ನು ಹತ್ತಿ ಕುಳಿತಿದ್ದರು. ಅವರಿಗಾಗಿ ಆಸನವನ್ನು ಹಿಂದಕ್ಕೆ ಸರಿಸಿ ಕಾಲು ಚಾಚಲು ಎಡೆ ಮಾಡಲಾಗಿತ್ತು.