ಮಾಜಿ ಸೈನಿಕರ ಆಟಿಸಂ ಮಕ್ಕಳಿಗೆ ದೊರೆಯುವ ಸವಲತ್ತುಗಳು

ಈ ಸಲ ವಿದ್ಯಾರ್ಥಿವೇತನದ ಸಂದರ್ಶನಕ್ಕೆ ಮಗಳನ್ನು ಕರೆತಂದಿದ್ದ ನಿವೃತ್ತ ಹವಾಲ್ದಾರರೊಬ್ಬರು ಹೊರಡುವಾಗ ಮಗನ ಮಾತು ತೆಗೆದರು. ಹುಡುಗನಿಗೆ 16 ವರ್ಷ, ಆಟಿಸಂ ಇದೆ. ‘ಪಿಂಚಣಿ ನಮ್ಮೊಂದಿಗೇ ಮುಗಿಯುತ್ತದೆ. ನಾವಿಬ್ಬರೂ ಹೋದ ಮೇಲೆ ಇವನ ಗತಿಯೇನು ಸರ್?’ ಎಂದರು. ಅವರಿಗೆ ನಾವು ಹೇಳಿದ್ದನ್ನೇ ಎಲ್ಲ ಕುಟುಂಬಗಳಿಗೂ ಉಪಯೋಗವಾಗಲೆಂದು ಇಲ್ಲಿ ಕೊಡುತ್ತಿದ್ದೇವೆ.

ಮೊದಲನೆಯದು ಅಂಗವೈಕಲ್ಯ ಪ್ರಮಾಣಪತ್ರ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ. ಪ್ರಮಾಣ ಶೇ. 40 ಅಥವಾ ಹೆಚ್ಚಿರಬೇಕು. ಯುಡಿಐಡಿ ಕಾರ್ಡನ್ನೂ ಮಾಡಿಸಿಕೊಳ್ಳಿ.

ಎರಡನೆಯದು ಚಿಕಿತ್ಸೆ. ಮಾಜಿ ಸೈನಿಕರ ಇಸಿಎಚ್‌ಎಸ್ ಯೋಜನೆಯಲ್ಲಿ ಗಂಡುಮಕ್ಕಳಿಗೆ 25 ವರ್ಷದವರೆಗೆ ಮಾತ್ರ ಸೌಲಭ್ಯ. ಅವಲಂಬಿತ ಅಂಗವಿಕಲ ಮಕ್ಕಳಿಗೆ ಈ ವಯೋಮಿತಿ ಇಲ್ಲ.

ಮೂರನೆಯದೇ ಮುಖ್ಯ. ವೈಕಲ್ಯದಿಂದಾಗಿ ದುಡಿದು ಬದುಕಲಾಗದ ಮಗುವಿಗೆ ತಂದೆತಾಯಿಯ ನಂತರ, ನಿಯಮದ ಸರದಿಯಂತೆ, ಜೀವನಪರ್ಯಂತ ಕುಟುಂಬ ಪಿಂಚಣಿಯ ಹಕ್ಕಿದೆ. ತಂದೆ ಇರುವಾಗಲೇ ರೆಕಾರ್ಡ್ ಆಫೀಸಿಗೆ ಬರೆದು ಪಿಂಚಣಿ ಆದೇಶದಲ್ಲಿ ಮಗುವಿನ ಹೆಸರು ಸೇರಿಸಿ. ಇದನ್ನು ಮುಂದಕ್ಕೆ ಹಾಕಿದರೆ ಕಾಗದಪತ್ರಕ್ಕಾಗಿ ಅಲೆಯುವ ಹೊರೆ ಒಡಹುಟ್ಟಿದವರ ಮೇಲೆ ಬೀಳುತ್ತದೆ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ಮಾರ್ಗದರ್ಶನ ಸಿಗುತ್ತದೆ.

ಮಗುವಿಗೆ 18 ತುಂಬಿದ ಮೇಲೆ, 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾಧಿಕಾರಿಗಳಿರುವ ಸ್ಥಳೀಯ ಸಮಿತಿಗೆ ಕಾನೂನುಬದ್ಧ ಪೋಷಕತ್ವಕ್ಕಾಗಿ ಅರ್ಜಿ ಸಲ್ಲಿಸಬಹುದು.

ಅರ್ಜಿ ತುಂಬಲು ತಿಳಿಯದಿದ್ದರೆ ಸಂಕೋಚ ಬೇಡ, ನಮ್ಮ ಕಚೇರಿಗೆ ಬನ್ನಿ. ಜೊತೆಗೆ ಕುಳಿತು ತುಂಬಿಕೊಡುತ್ತೇವೆ. ಆ ಹವಾಲ್ದಾರರು ಮರುವಾರವೇ ಡಿಸ್ಚಾರ್ಜ್ ಬುಕ್ ಹಿಡಿದು ಬಂದರು. ಜೊತೆಯಲ್ಲಿ ಮಗನೂ ಇದ್ದ.